ಪ್ರಶ್ನೆಯನ್ನು ಬೆಂಗಳೂರಿನಿಂದಲೇ ಒಯ್ಯಿರಿ

(ಬೆಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿನಲ್ಲಿ ಎಲ್‌.ಎಲ್‌.ಎಂ. ಎಂಬ ಸ್ನಾತಕೋತ್ತರ ಪದವಿ ಮಾಡಬೇಕು ಅಂತ ನಿಮ್ಮಲ್ಲಿ ಹಲವರು ಯೋಚಿಸುತ್ತಿದ್ದೀರಂತೆ. ನಿಮ್ಮ ಮೇಷ್ಟ್ರು ಹೇಳಿದರು. ನಾನು ಆ ಓದನ್ನು ಇಂಗ್ಲೆಂಡಿನಲ್ಲಿ ಮುಗಿಸಿ ಬಂದು ಕೆಲವು ವರ್ಷಗಳಾದವು. ಈಗ ಇದೇ ಊರಿನ ಹೈಕೋರ್ಟು, ಸಿವಿಲ್ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಮೊದಲ ವಾರ ನಡೆದ ಒಂದು ಸಂಗತಿಯಿಂದಲೇ ಶುರು ಮಾಡುತ್ತೇನೆ.

ಸೆಮಿನಾರ್ ಕೋಣೆಯಲ್ಲಿ ಹದಿನೈದು ಜನ ಇದ್ದೆವು. ಕೀನ್ಯಾ, ಕೊಲಂಬಿಯಾ, ನೇಪಾಳ, ಐರ್ಲೆಂಡ್, ಹೀಗೆ ಎಲ್ಲೆಲ್ಲಿಂದಲೋ ಬಂದವರು. ಪ್ರಾಧ್ಯಾಪಕಿ ಒಬ್ಬೊಬ್ಬರ ಊರು ಕೇಳುತ್ತಾ ಬಂದರು. ನಾನು ಬೆಂಗಳೂರು ಅಂದೆ. ಅವರ ಮುಖ ಅರಳಿತು. ‘ಹಾಗಾದರೆ ಬೆಂಗಳೂರು ತತ್ವಗಳ ಬಗ್ಗೆ ನೀವೇ ಹೇಳಬೇಕು’ ಎಂದರು.

ನನಗೆ ಗೊತ್ತಿರಲಿಲ್ಲ. ಐದು ವರ್ಷ ಕಾನೂನು ಓದಿದ್ದೆ. ನಾಲ್ಕು ವರ್ಷ ಇಲ್ಲಿನ ಕೋರ್ಟುಗಳಲ್ಲಿ ಓಡಾಡಿದ್ದೆ. ನನ್ನ ಊರಿನ ಹೆಸರಿರುವ ಒಂದು ದಾಖಲೆಯನ್ನು ಜಗತ್ತಿನ ಬೇರೆ ಊರುಗಳಲ್ಲಿ ಪಾಠ ಮಾಡುತ್ತಾರೆ ಎಂಬುದು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಆ ಸಂಜೆ ಲೈಬ್ರರಿಯಲ್ಲಿ ಕೂತು ಅದನ್ನು ಓದಿದೆ.

1988ರ ಫೆಬ್ರವರಿ 24ರಿಂದ 26ರವರೆಗೆ, ಮೂರು ದಿನ, ಕಾಮನ್‌ವೆಲ್ತ್ ದೇಶಗಳ ಮತ್ತು ಅಮೆರಿಕದ ನ್ಯಾಯಾಧೀಶರು ಬೆಂಗಳೂರಿನಲ್ಲಿ ಸೇರಿದ್ದರು. ಕರೆದವರು ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ. ಆಸ್ಟ್ರೇಲಿಯಾದಿಂದ ಮೈಕೆಲ್ ಕರ್ಬಿ ಬಂದಿದ್ದರು. ಅಮೆರಿಕದಿಂದ ರೂತ್ ಬೇಡರ್ ಗಿನ್ಸ್‌ಬರ್ಗ್ ಬಂದಿದ್ದರು. ಅವರು ಆಗಿನ್ನೂ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿರಲಿಲ್ಲ. ಇವರೆಲ್ಲ ಕೂತು ಚರ್ಚಿಸಿದ್ದು ಒಂದೇ ಮಾತು. ದೇಶಗಳು ಮಾನವ ಹಕ್ಕುಗಳ ಒಪ್ಪಂದಗಳಿಗೆ ಒಪ್ಪಿಗೆ ಕೊಡುತ್ತವೆ. ಆಮೇಲೆ ಅದು ಕಪಾಟಿನಲ್ಲಿ ಕೂರುತ್ತದೆ. ಹಾಗಿದ್ದರೆ ಒಂದು ಊರಿನ ನ್ಯಾಯಾಧೀಶ ತನ್ನ ಮುಂದಿನ ಕೇಸಿನಲ್ಲಿ ಅದನ್ನು ಬಳಸಬಹುದೇ? ಬೆಂಗಳೂರು ತತ್ವಗಳು ಅಂದರೆ ಅವರು ಕೊಟ್ಟ ಉತ್ತರ. ಅದು ಹೀಗಿತ್ತು: ದೇಶದ ಕಾನೂನು ಸ್ಪಷ್ಟವಾಗಿಲ್ಲದ ಕಡೆ, ಅಥವಾ ಅದರಲ್ಲಿ ತೆರಪು ಇರುವ ಕಡೆ, ಬಳಸಬಹುದು. ದೇಶದ ಕಾನೂನು ಸ್ಪಷ್ಟವಾಗಿ ಬೇರೆಯೇ ಹೇಳಿದರೆ ಅದನ್ನೇ ಪಾಲಿಸಬೇಕು.

ಇದು ನೋಡಲು ಸಣ್ಣ ಮಾತು. ಆದರೆ ನಾನು ಇವತ್ತು ಹೇಳಬೇಕೆಂದು ಬಂದಿರುವ ವಿಷಯವೆಲ್ಲ ಇದರೊಳಗೇ ಇದೆ. ಈ ಕಾನೂನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗಳು ಕೂರುವ ಜಿನೀವಾದ್ದಲ್ಲ. ಅದರ ಒಂದು ತುದಿ ಇಲ್ಲೇ ಇದೆ. ನೀವು ಓದಲು ಹೋಗುವಾಗ ಆ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು.

ನಾನು ಹಿಡಿದುಕೊಂಡು ಹೋಗಿದ್ದು ಒಂದು ಪ್ರಶ್ನೆಯನ್ನು. ಅದು ಹುಟ್ಟಿದ ಬಗೆ ಹೇಳುತ್ತೇನೆ.

ಆಗ ನಾನು ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್. ಒಂದು ಸಂಜೆ ಊರಂಚಿನ ಒಂದು ಕೊಳೆಗೇರಿಯಿಂದ ಐದಾರು ಹೆಂಗಸರು ಆಫೀಸಿಗೆ ಬಂದರು. ಹೆಚ್ಚಿನವರು ಮನೆಗೆಲಸಕ್ಕೆ ಹೋಗುವವರು. ಇಬ್ಬರು ಗಾರ್ಮೆಂಟ್ಸ್‌ನವರು. ಹಿಂದಿನ ದಿನ ಬೆಳಗಿನ ಜಾವ, ಇನ್ನೂ ಬೆಳಕಾಗುವ ಮುಂಚೆ, ಮಳೆ ಹನಿಯುತ್ತಿರುವಾಗ ಜೆಸಿಬಿ ಬಂದಿತ್ತು. ಅರ್ಧದಷ್ಟು ಗುಡಿಸಲು ಹೋಗಿದ್ದವು. ಒಬ್ಬಾಕೆಯ ಮಗಳ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು ಮಣ್ಣಿನಡಿ ಸೇರಿತ್ತು. ಅಲ್ಲಿಗೆ ಬಂದವರಲ್ಲಿ ಯಾರು ಯಾವ ಇಲಾಖೆಯವರು ಅಂತ ಇವರಿಗೆ ಗೊತ್ತಿರಲಿಲ್ಲ. ಕೇಳಿದರೆ ಯಾರೂ ಹೇಳಿರಲಿಲ್ಲ. ನೋಟಿಸು ಯಾರ ಕೈಗೂ ಬಂದಿರಲಿಲ್ಲ.

ಅದು ಘೋಷಿತ ಕೊಳೆಗೇರಿ ಅಲ್ಲ. ಘೋಷಿತವಾಗಿದ್ದರೆ 1973ರ ನಮ್ಮ ಕೊಳೆಗೇರಿ ಕಾಯ್ದೆಯಲ್ಲಿ ಒಂದಿಷ್ಟು ಆಸರೆ ಸಿಗುತ್ತಿತ್ತು. ನಾನು ರಾತ್ರಿಯೆಲ್ಲ ಕೂತು ರಿಟ್ ಅರ್ಜಿ ಬರೆದೆ. ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಹಾಕಿದೆ. 1985ರ ಓಲ್ಗಾ ಟೆಲ್ಲಿಸ್ ತೀರ್ಪು ಹಾಕಿದೆ. ಮುಂಬೈಯ ಫುಟ್‌ಪಾತ್ ಮೇಲೆ ಬದುಕುತ್ತಿದ್ದವರ ಕೇಸು ಅದು. ಬದುಕುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತ್ತು. ಸೀನಿಯರ್ ಕರಡು ಓದಿದರು. ಮಳೆ, ಕತ್ತಲು, ಗುರುತು ಹೇಳದ ಅಧಿಕಾರಿಗಳು, ಇವನ್ನೆಲ್ಲ ನಾನು ಬರೆದಿದ್ದ ಪ್ಯಾರಾದ ಪಕ್ಕ ಪೆನ್ಸಿಲ್‌ನಲ್ಲಿ ಗೀಟು ಹಾಕಿದರು. ‘ಇದೆಲ್ಲ ಸಂಕಟ, ಒಪ್ತೀನಿ. ಆದರೆ ಕತ್ತಲಲ್ಲಿ ಒಡೀಬಾರದು ಅಂತ ಯಾವ ಕಾನೂನಲ್ಲಿದೆ ಅಮ್ಮ? ಅದನ್ನ ತೋರಿಸಿ’ ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕೋರ್ಟಿನಲ್ಲಿ ಅದೇ ಪ್ರಶ್ನೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ಯಾರಾ ತೆಗೆದು ಹಾಕಿದೆವು. ತಡೆಯಾಜ್ಞೆ ಸಿಗುವಷ್ಟರಲ್ಲಿ ಉಳಿದ ಗುಡಿಸಲುಗಳೂ ಹೋಗಿದ್ದವು.

ಸುಮಾರು ಎರಡು ವರ್ಷದ ನಂತರ, ಇಂಗ್ಲೆಂಡಿನಲ್ಲಿ, ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಆ ಉತ್ತರ ಸಿಕ್ಕಿತು. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆ ಅಂತ ಒಂದಿದೆ. ಅದನ್ನು ದೇಶಗಳು ಹೇಗೆ ಪಾಲಿಸುತ್ತಿವೆ ಎಂದು ನೋಡಲು ವಿಶ್ವಸಂಸ್ಥೆಯ ಒಂದು ಸಮಿತಿ ಇದೆ. ಒಡಂಬಡಿಕೆಯ ಒಂದೊಂದು ಮಾತಿಗೂ ಅರ್ಥ ಏನು ಎಂದು ಆ ಸಮಿತಿ ವಿವರಿಸಿ ಬರೆಯುತ್ತದೆ. ಅದಕ್ಕೆ ‘ಜನರಲ್ ಕಾಮೆಂಟ್’ ಅನ್ನುತ್ತಾರೆ. ಅದರಲ್ಲಿ 7ನೆಯದು, 1997ರದ್ದು, ಜನರನ್ನು ಮನೆಯಿಂದ ಬಲವಂತವಾಗಿ ಎಬ್ಬಿಸುವ ಬಗ್ಗೆ. 15ನೇ ಪ್ಯಾರಾ ತೆಗೆದು ನೋಡಿ. ಎಂಟು ಅಂಶಗಳಿವೆ. ಮೊದಲು ಅಲ್ಲಿನ ಜನರ ಜೊತೆ ನಿಜವಾಗಿ ಕೂತು ಮಾತಾಡಬೇಕು. ಸಾಕಷ್ಟು ಮುಂಚೆ ನೋಟಿಸ್ ಕೊಡಬೇಕು. ಆ ಜಾಗವನ್ನು ಮುಂದೆ ಏನು ಮಾಡುತ್ತೀರಿ ಅಂತ ತಿಳಿಸಬೇಕು. ಒಡೆಯುವಾಗ ಸರ್ಕಾರದ ಅಧಿಕಾರಿಗಳು ಸ್ಥಳದಲ್ಲಿರಬೇಕು. ಒಡೆಯುವವರು ಯಾರು ಅಂತ ಗುರುತು ಸಿಗಬೇಕು. ಕೆಟ್ಟ ಹವೆಯಲ್ಲಿ, ರಾತ್ರಿ ಹೊತ್ತಿನಲ್ಲಿ, ಜನ ಒಪ್ಪದೆ ಒಡೆಯಬಾರದು. ಕಾನೂನಿನ ಪರಿಹಾರ ಇರಬೇಕು. ಕೋರ್ಟಿಗೆ ಹೋಗಲು ನೆರವು ಬೇಕಾದವರಿಗೆ ಆ ನೆರವೂ ಸಿಗಬೇಕು.

ಸೀನಿಯರ್ ಪೆನ್ಸಿಲ್ ಗೀಟು ಹಾಕಿದ್ದ ಪ್ಯಾರಾ ಇದೇ. ಮಳೆ, ಕತ್ತಲು, ಗುರುತು, ಒಂದೂ ಬಿಟ್ಟಿಲ್ಲ. ಭಾರತ ಆ ಒಡಂಬಡಿಕೆಯನ್ನು 1979ರಲ್ಲೇ ಒಪ್ಪಿದೆ. ಈ ಕಾಮೆಂಟು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆ ಹೆಂಗಸರು ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತಿದ್ದ ಸಂಜೆಯೂ ಅದು ಅಲ್ಲೇ ಇತ್ತು. ಆ ನವೆಂಬರ್ ಮಧ್ಯಾಹ್ನ ಕೂತಲ್ಲೇ ನಾನು ಅತ್ತೆ. ಸಂತೋಷಕ್ಕಲ್ಲ. ಇಷ್ಟು ಹತ್ತಿರ ಇದ್ದದ್ದು ನಮ್ಮ ಕೈಗೆ ಸಿಗಲಿಲ್ಲವಲ್ಲ ಎಂದು.

ಹಾಗಾಗಿ ನಿಮಗೆ ಮೊದಲ ಮಾತು. ಪ್ರಶ್ನೆ ಇಲ್ಲದೆ ಹೋಗಬೇಡಿ. ಆ ಓದಿನಲ್ಲಿ ಓದಲು ಕೊಡುವ ಕಾಗದ ತುಂಬಾ ಜಾಸ್ತಿ. ವಾರಕ್ಕೆ ನೂರಾರು ಪುಟ. ಒಪ್ಪಂದಗಳು, ಕಾಮೆಂಟುಗಳು, ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿನ ತೀರ್ಪುಗಳು. ನಮ್ಮ ಪ್ರಶ್ನೆ ನಮ್ಮ ಬಳಿ ಇದ್ದರೆ ಆ ರಾಶಿಯಲ್ಲಿ ಬೇಕಾದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಈಗ ಅಲ್ಲಿ ಏನು ಕಲಿಸುತ್ತಾರೆ ಅಂತ ಸ್ವಲ್ಪ ಹೇಳುತ್ತೇನೆ.

1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಿಂದ ಪಾಠ ಶುರುವಾಗುತ್ತದೆ. 30 ವಿಧಿಗಳು. 48 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಯಾರೂ ಹಾಕಲಿಲ್ಲ. 8 ದೇಶಗಳು ಮತದಿಂದ ದೂರ ಉಳಿದವು. ಇದು ಪಶ್ಚಿಮದವರು ಬರೆದು ನಮ್ಮ ಮೇಲೆ ಹೇರಿದ್ದು ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಆದರೆ ಮೊದಲ ವಿಧಿಯನ್ನು ನೋಡಿ. ಕರಡಿನಲ್ಲಿ ‘ಎಲ್ಲ ಗಂಡಸರೂ’ ಎಂಬ ಅರ್ಥವೂ ಬರುವ ಇಂಗ್ಲಿಷ್ ಪದ ಇತ್ತು. ಅದನ್ನು ‘ಎಲ್ಲ ಮನುಷ್ಯರೂ’ ಎಂದು ಬದಲಾಯಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ನಮ್ಮ ಸಂವಿಧಾನ ಸಭೆಯಲ್ಲಿದ್ದ ಅದೇ ಹಂಸಾ ಮೆಹ್ತಾ. ಒಂದು ಪದ, ಅಷ್ಟೇ. ಆದರೆ ಆ ಪದ ಹಾಗೇ ಉಳಿದಿದ್ದರೆ ಹೆಣ್ಣುಮಕ್ಕಳು ಆಮೇಲೆ ಎಷ್ಟು ಕೋರ್ಟುಗಳಲ್ಲಿ ‘ನಾವೂ ಇದರಲ್ಲಿ ಸೇರಿದ್ದೇವೆ’ ಎಂದು ವಾದಿಸಬೇಕಾಗುತ್ತಿತ್ತೋ.

ಘೋಷಣೆ ಒಂದು ಮಾತು ಕೊಟ್ಟ ಹಾಗೆ. ಅದನ್ನು ಕಟ್ಟುಪಾಡಾಗಿ ಮಾಡಲು 1966ರಲ್ಲಿ ಎರಡು ಒಡಂಬಡಿಕೆಗಳು ಬಂದವು. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು. ಇನ್ನೊಂದು ನಾನು ಆಗಲೇ ಹೇಳಿದ್ದು. ಎರಡೂ 1976ರಲ್ಲಿ ಜಾರಿಗೆ ಬಂದವು. ಆಮೇಲೆ ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಬೇರೆ ಬೇರೆ ಒಪ್ಪಂದಗಳಾದವು. ಇವುಗಳ ಹೆಸರು, ವರ್ಷ, ವಿಧಿಯ ಸಂಖ್ಯೆ ಎಲ್ಲ ಪುಸ್ತಕದಲ್ಲೇ ಸಿಗುತ್ತವೆ. ಅದಕ್ಕಾಗಿ ವಿಮಾನ ಹತ್ತಬೇಕಿಲ್ಲ.

ಕಲಿಯಲೇಬೇಕಾದ್ದು ಬೇರೆ ಇದೆ. ಒಂದು ಹಕ್ಕನ್ನು ಬಿಡಿಸಿ ನೋಡುವ ರೀತಿ. ಸರ್ಕಾರಕ್ಕೆ ಪ್ರತಿ ಹಕ್ಕಿನ ವಿಷಯದಲ್ಲಿ ಮೂರು ಬಗೆಯ ಹೊಣೆ ಇದೆ ಎಂದು ಅಲ್ಲಿ ಹೇಳಿಕೊಡುತ್ತಾರೆ. ತಾನು ಕಿತ್ತುಕೊಳ್ಳಬಾರದು. ಬೇರೆಯವರು ಕಿತ್ತುಕೊಳ್ಳದಂತೆ ಕಾಯಬೇಕು. ಇಲ್ಲದವರಿಗೆ ಒದಗಿಸಬೇಕು. ನಮ್ಮ ಬೆಂಗಳೂರಿನ ನೀರನ್ನೇ ತೆಗೆದುಕೊಳ್ಳಿ. 2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಬೋರ್‌ವೆಲ್‌ಗಳು ಬತ್ತಿದವು. ಟ್ಯಾಂಕರ್ ದರ ಏರಿತು. ನೀರಿನ ಬಗ್ಗೆ 2002ರ ಜನರಲ್ ಕಾಮೆಂಟ್ 15 ಇದೆ. ನೀರು ಸಾಕಷ್ಟಿರಬೇಕು, ಶುದ್ಧವಾಗಿರಬೇಕು, ಕೈಗೆಟುಕುವ ದೂರದಲ್ಲಿರಬೇಕು, ಕೊಳ್ಳಲಾಗುವ ಬೆಲೆಯಲ್ಲಿರಬೇಕು ಎನ್ನುತ್ತದೆ ಅದು. ಈಗ ಮೂರು ಹೊಣೆಗಳನ್ನು ಇಟ್ಟು ನೋಡಿ. ಇರುವ ಬೀದಿನಲ್ಲಿಯನ್ನು ಸರ್ಕಾರವೇ ಕಿತ್ತರೆ ಮೊದಲ ಹೊಣೆ ಮುರಿಯಿತು. ಟ್ಯಾಂಕರ್‌ನವರು ಬಾಯಿಗೆ ಬಂದ ದರ ಹೇಳುವಾಗ ಸರ್ಕಾರ ಸುಮ್ನೆ ಕೂತರೆ ಎರಡನೆಯದು. ಕಾವೇರಿ ಪೈಪು ಬರದ ಬಡಾವಣೆಗೆ ಏನೂ ಯೋಜನೆಯೇ ಇಲ್ಲದಿದ್ದರೆ ಮೂರನೆಯದು. ‘ನೀರಿಲ್ಲ’ ಅನ್ನುವ ಒಂದು ಗೋಳು ಮೂರು ಬೇರೆ ಬೇರೆ ದೂರುಗಳಾಯಿತು, ಅಲ್ವಾ? ಪ್ರತಿಯೊಂದಕ್ಕೂ ಉತ್ತರ ಕೊಡಬೇಕಾದ ಆಫೀಸು ಬೇರೆ, ಕೇಳಬೇಕಾದ ಪರಿಹಾರವೂ ಬೇರೆ. ವಕೀಲರಿಗೆ ಇದು ದೊಡ್ಡ ಸಹಾಯ. ನನಗೆ ಆ ವರ್ಷ ಸಿಕ್ಕಿದ್ದರಲ್ಲಿ ದಿನಾ ಬಳಕೆಗೆ ಬರುವುದು ಇದೇ.

ದುಡ್ಡಿಲ್ಲ ಅಂತ ಸರ್ಕಾರ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಹೇಳಬಹುದು. ಈ ಹಕ್ಕುಗಳನ್ನು ಹಂತಹಂತವಾಗಿ ಪೂರೈಸಿದರೆ ಸಾಕು ಎಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿಯೇ ಹೇಳುತ್ತದೆ. ಆದರೆ ಕೈಲಿರುವ ಸಂಪನ್ಮೂಲವನ್ನು ಪೂರ್ತಿಯಾಗಿ ಬಳಸಬೇಕು ಎಂದೂ ಅದೇ ವಿಧಿ ಹೇಳುತ್ತದೆ. ಹಂತಹಂತ ಅಂದರೆ ನಿಂತಲ್ಲೇ ನಿಲ್ಲುವುದಲ್ಲ. ಎಷ್ಟೇ ಕಷ್ಟ ಇದ್ದರೂ ಇಳಿಯಬಾರದ ಒಂದು ತಳಮಟ್ಟ ಇದೆ ಎಂದು 1990ರಲ್ಲಿ ಆ ಒಡಂಬಡಿಕೆಯ ಸಮಿತಿ ಹೇಳಿತು. ಇದರ ಮೇಲೆ ತಿಂಗಳುಗಟ್ಟಲೆ ಜಗಳ ಆಡಿದೆವು. ನನ್ನ ಪ್ರಬಂಧವೂ ಇದರ ಮೇಲೆಯೇ.

ಇನ್ನೊಂದು ತೀರ್ಪನ್ನು ಹೇಳದೆ ಇರಲಾರೆ. ಐರ್ಲೆಂಡಿನ ಕಾರ್ಕ್ ಊರಿನ ಜೊಹಾನಾ ಏರಿ ಎಂಬ ಹೆಂಗಸಿನದು. ಹಿಂಸೆ ಕೊಡುತ್ತಿದ್ದ ಗಂಡನಿಂದ ಕಾನೂನುಬದ್ಧವಾಗಿ ಬೇರೆಯಾಗಲು ಆಕೆ ಹೈಕೋರ್ಟಿಗೆ ಹೋಗಬೇಕಿತ್ತು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಕೋರ್ಟಿನ ಬಾಗಿಲು ತೆರೆದೇ ಇದೆ, ಆಕೆಯೇ ಬಂದು ವಾದಿಸಬಹುದು ಎಂದು ಸರ್ಕಾರ ಹೇಳಿತು. ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 1979ರಲ್ಲಿ ಇದನ್ನು ಒಪ್ಪಲಿಲ್ಲ. ಹಕ್ಕುಗಳು ಇರುವುದು ಕಾಗದದ ಮೇಲೆ ತೋರಿಸಲಿಕ್ಕಲ್ಲ, ಅವು ಕೈಗೆ ಸಿಕ್ಕಿ ಕೆಲಸಕ್ಕೆ ಬರಬೇಕು ಎನ್ನುವುದು ಆ ತೀರ್ಪಿನ ಸಾರ. ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ಫೈಲು ಎದೆಗವಚಿ ನಿಂತ ಹೆಂಗಸರನ್ನು ನೋಡಿದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾರೆ.

ಸರಿ, ಇದೆಲ್ಲ ಇಲ್ಲಿನ ಕೋರ್ಟಿನಲ್ಲಿ ನಡೆಯುತ್ತದೆಯೇ? ಎಲ್ಲರೂ ಇದನ್ನೇ ಕೇಳುತ್ತಾರೆ.

ಭಾರತ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಅದು ಇಲ್ಲಿ ಕಾನೂನು ಆಗುವುದಿಲ್ಲ. ಸಂವಿಧಾನದ 253ನೇ ವಿಧಿಯ ಪ್ರಕಾರ, ಒಪ್ಪಂದವನ್ನು ಜಾರಿ ಮಾಡಲು ಸಂಸತ್ತು ಕಾನೂನು ಮಾಡಬಹುದು. 51ನೇ ವಿಧಿ ಒಪ್ಪಂದಗಳಿಗೆ ಗೌರವ ಬೆಳೆಸಿ ಎನ್ನುತ್ತದೆ, ಆದರೆ ಅದು ನಿರ್ದೇಶಕ ತತ್ವ, ಅಂದರೆ ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದ್ದು. ಇಷ್ಟಕ್ಕೇ ನಿಂತರೆ ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ. ಆದರೆ ನಮ್ಮ ನ್ಯಾಯಾಧೀಶರು ಕಿಟಕಿ ಹುಡುಕಿದ್ದಾರೆ.

ನನಗೆ ತುಂಬಾ ಇಷ್ಟವಾದದ್ದು 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು. ಬ್ಯಾಂಕಿನ ಸಾಲ ತೀರಿಸಬೇಕು ಎಂಬ ಕೋರ್ಟಿನ ಡಿಕ್ರಿ ಇತ್ತು. ಸಾಲಗಾರರು ತೀರಿಸಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಬಂಧನದ ವಾರಂಟ್ ಹೊರಟಿತು. ಸಾಲ ತೀರಿಸಲಾಗದ ಕಾರಣಕ್ಕೇ ಯಾರನ್ನೂ ಜೈಲಿಗೆ ಹಾಕಬಾರದು ಎಂದು ನಾಗರಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಏನು ಮಾಡಿದರು? ಒಡಂಬಡಿಕೆಯೇ ನೇರವಾಗಿ ಇಲ್ಲಿ ಕಾನೂನು ಅಂತ ಹೇಳಲಿಲ್ಲ. ಸಂಹಿತೆಯ ಸೆಕ್ಷನ್ನನ್ನು ಅದಕ್ಕೆ ಹೊಂದುವ ಹಾಗೆ ಓದಿದರು. ಕೊಡುವ ಶಕ್ತಿ ಇದ್ದೂ ಕೆಟ್ಟ ಉದ್ದೇಶದಿಂದ ಕೊಡದವನನ್ನು ಮಾತ್ರ ಬಂಧಿಸಬಹುದು, ಬಡತನಕ್ಕೆ ಜೈಲಿಲ್ಲ ಎಂದರು. ರೈತರ ಮಕ್ಕಳಾದ ನಾವು ಈ ತೀರ್ಪನ್ನು ಬಾಯಿಪಾಠ ಮಾಡಬೇಕು ಅನ್ನಿಸುತ್ತದೆ.

ವಿಶಾಖಾ ತೀರ್ಪು ನಿಮಗೆ ಗೊತ್ತೇ ಇದೆ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾಯಿತು. ಕೆಲಸದ ಜಾಗದಲ್ಲಿ ನಡೆಯುವ ಲೈಂಗಿಕ ಕಿರುಕುಳದಿಂದ ಹೆಂಗಸರಿಗೆ ರಕ್ಷಣೆ ಕೊಡಲೆಂದೇ ಮಾಡಿದ ಕಾನೂನು ಆಗ ಇರಲಿಲ್ಲ. ಆ ತೆರಪನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಮಹಿಳೆಯರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಇಟ್ಟುಕೊಂಡು, ಒಂದು ಮಾರ್ಗಸೂಚಿ ಕೊಟ್ಟು ತುಂಬಿತು. ಸಂಸತ್ತಿನ ಕಾನೂನು ಬಂದಿದ್ದು 2013ರಲ್ಲಿ. ನಡುವಿನ 16 ವರ್ಷ ಈ ದೇಶದ ದುಡಿಯುವ ಹೆಂಗಸರನ್ನು ಕಾದದ್ದು ಆ ಮಾರ್ಗಸೂಚಿ. 1988ರಲ್ಲಿ ಬೆಂಗಳೂರಿನಲ್ಲಿ ‘ತೆರಪು ಇರುವ ಕಡೆ ಬಳಸಬಹುದು’ ಎಂದರಲ್ಲ, ಅದು ಹೀಗೆ.

ಇನ್ನೂ ಹತ್ತಿರದ್ದು ಬೇಕೆಂದರೆ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿನಲ್ಲಿ 1948ರ ಘೋಷಣೆಯೂ ಇದೆ, 1966ರ ಒಡಂಬಡಿಕೆಯೂ ಇದೆ. ನಾನಿದ್ದ ತರಗತಿಯಲ್ಲಿ ಅದನ್ನು ಓದಿದ ದಿನ ‘ಇವರು ನಮ್ಮ ಊರಿನವರು’ ಎಂದು ಹೇಳಿದೆ. ಈ ಸಲ ನನಗೆ ಗೊತ್ತಿತ್ತು.

ಹಾಗೆಯೇ 2014ರ ಸಫಾಯಿ ಕರ್ಮಚಾರಿ ಆಂದೋಲನದ ತೀರ್ಪು. ಅದರ ಮುಂದಾಳು ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. ಮಲ ಹೊರುವ ಪದ್ಧತಿಯ ವಿರುದ್ಧದ ಆ ತೀರ್ಪಿನಲ್ಲೂ ಅಂತರರಾಷ್ಟ್ರೀಯ ಒಪ್ಪಂದಗಳ ಮಾತು ಬರುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. 2023ರಲ್ಲಿ ಅದು 30 ಲಕ್ಷವಾಯಿತು. ಸಾವು ಮಾತ್ರ ನಿಂತಿಲ್ಲ.

ಆಗದೇ ಇರುವುದನ್ನೂ ಹೇಳಬೇಕು. ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ. ಇವತ್ತಿಗೂ ಅನುಮೋದಿಸಿಲ್ಲ. ನಿರಾಶ್ರಿತರ 1951ರ ಒಪ್ಪಂದಕ್ಕೆ ಸೇರಿಲ್ಲ. ನಿಮ್ಮ ಹಕ್ಕು ಮುರಿದರೆ ನೀವೇ ನೇರವಾಗಿ ಜಿನೀವಾದ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡುವ ದಾರಿ ಭಾರತೀಯರಿಗೆ ಇಲ್ಲ, ಯಾಕೆಂದರೆ ಅದಕ್ಕಿರುವ ಪೂರಕ ಒಪ್ಪಂದವನ್ನು ನಾವು ಒಪ್ಪಿಲ್ಲ. ಯುರೋಪಿಗೆ, ಆಫ್ರಿಕಾಕ್ಕೆ, ಅಮೆರಿಕ ಖಂಡಕ್ಕೆ ಮಾನವ ಹಕ್ಕುಗಳ ಕೋರ್ಟುಗಳಿವೆ. ಏಷ್ಯಾಕ್ಕೆ ಇಲ್ಲ. ನಾಗರಿಕ ಹಕ್ಕುಗಳ ಒಡಂಬಡಿಕೆಯನ್ನು ಹೇಗೆ ಪಾಲಿಸುತ್ತಿದ್ದೇವೆ ಎಂಬ ಭಾರತದ ವರದಿಯನ್ನು ಜಿನೀವಾದ ಆ ಮಾನವ ಹಕ್ಕುಗಳ ಸಮಿತಿ 1997ರಲ್ಲಿ ನೋಡಿತ್ತು. ಮತ್ತೆ ನೋಡಿದ್ದು 2024ರ ಜುಲೈಯಲ್ಲಿ. 27 ವರ್ಷ! ನಿಮ್ಮಲ್ಲಿ ಹೆಚ್ಚಿನವರು ಆ ಎರಡು ಸಭೆಗಳ ನಡುವೆ ಹುಟ್ಟಿ, ಬೆಳೆದು, ಕಾನೂನು ಕಾಲೇಜಿಗೆ ಸೇರಿದವರು.

ಇದನ್ನು ಕೇಳಿ ಬೇಜಾರಾಗಬಹುದು. ನನಗೂ ಆಗುತ್ತದೆ. ಆದರೆ ಇಂಥ ವರದಿ ಹೋಗುವಾಗ ಸರ್ಕಾರದ್ದರ ಜೊತೆ ಜನಸಂಘಟನೆಗಳೂ ತಮ್ಮ ವರದಿ ಕಳಿಸಬಹುದು. ಅದನ್ನು ಬರೆಯುವುದು ಒಂದು ಕಸುಬು. ಇಷ್ಟು ಪದ ಎಂಬ ಮಿತಿ ಇರುತ್ತದೆ, ವಿಧಿಯ ಪ್ರಕಾರ ಜೋಡಿಸಬೇಕು, ಪುರಾವೆ ಇರಬೇಕು. ಆ ಕಸುಬನ್ನು ಕನ್ನಡ ಬಲ್ಲವರು ಕಲಿಯಬೇಕು ಎಂದು ನನ್ನ ಆಸೆ. ರಾಯಚೂರಿನ, ಚಾಮರಾಜನಗರದ ಸಂಗತಿ ಅಲ್ಲಿನವರ ಮಾತು ಅರ್ಥವಾಗುವವರ ಕೈಯಿಂದ ಬರೆಯಲ್ಪಡಬೇಕು.

ಎಲ್ಲಿ ಓದಬೇಕು, ಎಷ್ಟು ದುಡ್ಡು? ಬೇಗ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಎಸೆಕ್ಸ್, ನಾಟಿಂಗ್‌ಹ್ಯಾಮ್, ಐರ್ಲೆಂಡಿನಲ್ಲಿ ಗಾಲ್ವೇ, ಸ್ವೀಡನ್ನಿನಲ್ಲಿ ಲುಂಡ್, ದಕ್ಷಿಣ ಆಫ್ರಿಕಾದಲ್ಲಿ ಪ್ರಿಟೋರಿಯಾ, ಇವೆಲ್ಲ ಈ ವಿಷಯಕ್ಕೆ ಹೆಸರಾದವು. ಜಿನೀವಾದಲ್ಲೂ ಇದೆ. ಬ್ರಿಟನ್ನಿನಲ್ಲಿ ಒಂದು ವರ್ಷದಲ್ಲಿ ಮುಗಿಯುತ್ತದೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ನಮ್ಮಂಥವರಿಗೆ ಶುಲ್ಕವೇ 20 ಲಕ್ಷ ರೂಪಾಯಿ ದಾಟುತ್ತದೆ. ಊಟ, ಬಾಡಿಗೆ ಬೇರೆ. ಸಾಲ ಮಾಡಿ ಹೋಗುವ ಯೋಚನೆ ಇದ್ದರೆ ದಯವಿಟ್ಟು ಎರಡು ಸಲ ಯೋಚಿಸಿ. ಈ ಓದಿನ ನಂತರ ಸಾಲ ತೀರಿಸುವಂಥ ಸಂಬಳದ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ವಿಶ್ವಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು ಎಂದು ಖುಷಿ ಪಡುವ ಮುಂಚೆ, ಅಲ್ಲಿ ಹೆಚ್ಚಾಗಿ ಸಂಬಳ ಇರುವುದಿಲ್ಲ ಎಂಬುದನ್ನು ತಿಳಿದುಕೊಳ್ಳಿ.

ಸ್ಕಾಲರ್‌ಶಿಪ್ ಹುಡುಕಿ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶಕ್ಕೆ ವಾಪಸ್ ಬಂದು ಇಲ್ಲೇ ಇರಬೇಕು. ಈ ಷರತ್ತು ಹಲವರಿಗೆ ಕಷ್ಟ ಅನ್ನಿಸುತ್ತದೆ. ನನಗೆ ಅದು ಒಳ್ಳೆಯ ಷರತ್ತು ಅನ್ನಿಸಿತು. ಕಾಮನ್‌ವೆಲ್ತ್, ಫೆಲಿಕ್ಸ್, ಇನ್‌ಲ್ಯಾಕ್ಸ್ ಇವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರದ್ದೂ ಒಂದಿದೆ. ಸಮಾಜ ಕಲ್ಯಾಣ ಇಲಾಖೆಗೆ ಹೋಗಿ ಈ ವರ್ಷದ ನಿಯಮ ವಿಚಾರಿಸಿ. ಫೋನಿನಲ್ಲಿ ಕೇಳುವುದಕ್ಕಿಂತ ಹೋಗಿ ಕೇಳುವುದು ಒಳ್ಳೆಯದು.

ವಿದೇಶಕ್ಕೇ ಹೋಗಬೇಕೆಂದಿಲ್ಲ. ನಾಗರಬಾವಿಯ ಕಾನೂನು ಶಾಲೆ ಇಲ್ಲೇ ಇದೆ. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗ ಇದೆ. ಜನರಲ್ ಕಾಮೆಂಟುಗಳು ಎಲ್ಲಿ ಕೂತು ಓದಿದರೂ ಒಂದೇ. ಅಲ್ಲಿ ನನಗೆ ಸಿಕ್ಕ ಹೆಚ್ಚಿನದು ಪಕ್ಕದಲ್ಲಿ ಕೂತ ಕೀನ್ಯಾದವಳು. ನೈರೋಬಿಯ ಕೊಳೆಗೇರಿಯಲ್ಲಿ ಮನೆ ಒಡೆದ ಕಥೆಯನ್ನು ಅವಳು ಹೇಳಿದಾಗ, ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತಿದ್ದವರೇ ಹೇಳಿದ ಹಾಗಿತ್ತು.

ಅರ್ಜಿಯ ಜೊತೆ ‘ಯಾಕೆ ಓದಬೇಕು’ ಎಂದು ಬರೆಯಲು ಹೇಳುತ್ತಾರೆ. ನನ್ನ ಹತ್ತಿರ ಈಗ ಹುಡುಗ ಹುಡುಗಿಯರು ಅದನ್ನು ತಿದ್ದಿಸಲು ತರುತ್ತಾರೆ. ‘ಚಿಕ್ಕಂದಿನಿಂದ ನನಗೆ ನ್ಯಾಯದ ಬಗ್ಗೆ ಒಲವು’ ಎಂದು ಶುರುವಾಗಿರುತ್ತದೆ. ನಾನು ಅದನ್ನು ಹೊಡೆದು ಹಾಕಿ, ನೀನು ಕಣ್ಣಾರೆ ನೋಡಿದ ಒಂದು ಕೇಸು ಹೇಳು ಅನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ತನ್ನಮ್ಮ ಗಾರ್ಮೆಂಟ್ಸ್‌ನಲ್ಲಿದ್ದಾರೆ, 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿನ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದ ಸಾವಿರಾರು ಹೆಂಗಸರಲ್ಲಿ ಅವರೂ ಒಬ್ಬರು ಎಂದ. ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಸಂಘ ಕಟ್ಟುವ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒದ 87 ಮತ್ತು 98ನೇ ಒಪ್ಪಂದಗಳನ್ನು ಭಾರತ ಅನುಮೋದಿಸಿಲ್ಲ ಎಂದು ಅವನಿಗೆ ಹೇಳಿದೆ. ‘ಅಮ್ಮನಿಗೆ ಇದನ್ನ ಹೇಗೆ ಹೇಳೋದು ಮೇಡಂ?’ ಎಂದು ಕೇಳಿದ. ಅದನ್ನೇ ಬರಿ ಅಂದೆ.

ವಾಪಸ್ ಬಂದ ಮೇಲೆ ನನಗೂ ಎದುರಾಗಿದ್ದು ಅದೇ. ಹೇಗೆ ಹೇಳುವುದು. ಆ ಎಂಟು ಅಂಶಗಳನ್ನು ಕನ್ನಡಕ್ಕೆ ತರಲು ಕೂತೆ. ‘ಬಲವಂತದ ತೆರವು’ ಎಂದು ಬರೆದೆ. ಪೇಪರಿನಲ್ಲಿ ಬರುವ ಮಾತು ಅದು. ಈಗ ನಾನು ಕೆಲಸ ಮಾಡುವ ಇನ್ನೊಂದು ಕೊಳೆಗೇರಿಯಲ್ಲಿ, ಮಾರಮ್ಮನ ಗುಡಿಯ ಮುಂದೆ ಒಂದು ಭಾನುವಾರ ಅದನ್ನು ಓದಿದೆ. ಹಿರಿಯ ಹೆಂಗಸೊಬ್ಬರು ತಡೆದರು. ‘ತೆರವು ಅಂದ್ರೆ ಕಸ ತೆಗ್ದಂಗೆ ಆಯ್ತದೆ ಲಾಯರಮ್ಮ. ನಾವೇನು ಕಸವಾ? ಒಕ್ಕಲೆಬ್ಬಿಸೋದು ಅಂತ ಬರೀರಿ’ ಎಂದರು. ಒಕ್ಕಲು ಅಂದರೆ ಬೇರೂರಿ ಬದುಕಿದ ಮನೆತನ. ಆ ಪದದಲ್ಲಿ ಮನೆಯೂ ಇದೆ, ಅದರೊಳಗಿನ ಜನರೂ ಇದ್ದಾರೆ. ಇಂಗ್ಲಿಷಿನ ಪದಕ್ಕೆ ಅಷ್ಟು ತೂಕ ಇಲ್ಲ.

‘ಘನತೆ’ ಎಂಬಲ್ಲಿಯೂ ಹಾಗೇ ಆಯಿತು. ಅವರು ‘ಮಾನವಾಗಿ ಬದುಕೋದು’ ಅಂದರು. ‘ನೈಜ ಸಮಾಲೋಚನೆ’ ಎಂದು ನಾನು ಬರೆದದ್ದು ಯಾರಿಗೂ ಹಿಡಿಸಲಿಲ್ಲ. ಒಬ್ಬಳು ಹುಡುಗಿ, ಪಿಯುಸಿ ಓದುವವಳು, ‘ನಮ್ಮನ್ನ ಕೂರಿಸಿಕೊಂಡು ಕೇಳಿ, ನಾವು ಹೇಳಿದ್ದನ್ನ ಬರ್ಕೊಳ್ಳೋದು’ ಎಂದಳು. ಹಾಗೇ ಇಟ್ಟೆವು. ಎಂಟು ಅಂಶಗಳು ಒಂದೇ ಹಾಳೆಯಲ್ಲಿ ಬಂದವು. ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಟ್ಟೆವು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಮನೆ ಒಡೆಯುವ ಮುಂಚೆ 15 ದಿನದ ನೋಟಿಸ್ ಕೊಡಲೇಬೇಕು ಎಂದು ಹೇಳಿತು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ಕೆರೆ ನದಿಗಳ ಅಂಚು, ಇಂಥ ಸಾರ್ವಜನಿಕ ಜಾಗಗಳಿಗೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಿನ ಬಡವರಲ್ಲಿ ಎಷ್ಟೋ ಜನ ಇರುವುದೇ ಅಂಥ ಕಡೆ. ಈ ಕೊಳೆಗೇರಿ ಕೂಡ ಒಂದು ಕೆರೆಯ ಅಂಚಿನಲ್ಲಿದೆ. ಹಾಗಾಗಿ ನಮಗೆ ಇನ್ನೂ ಆ ಹಳೆಯ ಹಾಳೆಯೇ ಆಧಾರ.

ಕಳೆದ ವರ್ಷ ಅಲ್ಲಿಗೆ ಇಬ್ಬರು ಅಳತೆ ಟೇಪು ಹಿಡಿದು ಬಂದರು. ಆ ಪಿಯುಸಿ ಹುಡುಗಿ ಹಾಳೆ ತೆಗೆದು ಐದನೇ ಅಂಶ ತೋರಿಸಿ, ‘ನೀವು ಯಾವ ಆಫೀಸಿನವರು, ಹೆಸರು ಹೇಳಿ’ ಎಂದು ಕೇಳಿದಳಂತೆ. ಅವರು ಹೇಳಿದರು. ಅವಳು ಬರೆದುಕೊಂಡಳು. ಆ ಹೆಸರುಗಳು ಈಗ ನಮ್ಮ ರಿಟ್ ಅರ್ಜಿಯ 9ನೇ ಪ್ಯಾರಾದಲ್ಲಿವೆ. 10ನೇ ಪ್ಯಾರಾದಲ್ಲಿ ಜನರಲ್ ಕಾಮೆಂಟ್ 7 ಇದೆ. ಸೀನಿಯರ್ ಈ ಸಲ ಕರಡು ಓದಿ ಪೆನ್ಸಿಲ್ ಕೆಳಗಿಟ್ಟರು. ಮುಂದಿನ ವಿಚಾರಣೆ ಬರುವ ತಿಂಗಳಿದೆ. ನಿಮ್ಮಲ್ಲಿ ಯಾರಿಗಾದರೂ ಬಂದು ಕೂತು ಕೇಳಬೇಕು ಅನ್ನಿಸಿದರೆ ಹೆಸರು ಕೊಟ್ಟು ಹೋಗಿ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.